ಈ ನಂಬರ್ ಯಾರದು?

ಹೊಸದುರ್ಗ,
ಭಾನುವಾರ

ಚಿ|| ಸುಮಾಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲರೂ ಕ್ಷೇಮ. ನಿಮ್ಮ ಕ್ಷೇಮಕ್ಕೆ ಆಗಾಗ್ಗೆ ಬರೆಯುತ್ತಿರುವುದು ಅಂತ ಬರೆದರೆ ನೀನು ನಗುತ್ತೀಯ, ಆದರೂ ಕೈ ತಾನಾಗಿ ಬರೆದುಬಿಡುತ್ತದೆ. ದೊಡ್ಡಮ್ಮನ ಮಂಡಿನೋವು ಹಾಗೇ ಇದೆ, ಬೈಗುಳವೂ ಹಾಗೇ ಇದೆ. ತೋಟದಲ್ಲಿ ಕಾಯಿ ಕೀಳಿಸಿದ್ದಾಯಿತು. ಅಕ್ಕಪಕ್ಕದವರೆಲ್ಲ ಎಳನೀರಿಗೇ ಕೊಟ್ಟು ಕೈ ತೊಳೆದುಕೊಂಡರು. ನಾನು ಹಳೇ ಕಾಲದವನು, ಕೊಬ್ಬರಿ ಆಗಲಿ ಅಂತ ಅಟ್ಟಕ್ಕೆ ಹಾಕಿಸಿದ್ದೇನೆ.

ಈಗ ನಿನಗೆ ನೋಡಿರುವ ಹೊಳಲ್ಕೆರೆ ಹುಡುಗನ ವಿಷಯ. ಮೊನ್ನೆ ಫೋನಿನಲ್ಲಿ ನೀನು, ‘ನಂಬರ್ ಒಂದು ಕೊಡಿ ದೊಡ್ಡಪ್ಪ ಸಾಕು, ಇನ್‌ಸ್ಟಾಗ್ರಾಮು ಫೇಸ್‌ಬುಕ್ಕು ಎಲ್ಲಾ ತೆಗೀತೀನಿ. ಅದಕ್ಕೇ ಅಂತ ಸೈಟ್‌ಗಳಿದಾವೆ’ ಅಂದೆ. ನಾನು ಮಾತು ಮರೆಸಿದೆ. ನಂಬರ್ ಕೊಡಲು ಮನಸ್ಸಿಲ್ಲ ಅಂತ ತಿಳಿಯಬೇಡ. ಹೇಳಬೇಕಾದ್ದು ಫೋನಿನಲ್ಲಿ ಹೇಳಿ ಮುಗಿಯುವಂಥದ್ದಲ್ಲ, ಅಷ್ಟೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂದಲು ನೆರೆಸಿಕೊಂಡವನು ನಾನು. ‘ಈ ನಂಬರ್ ಯಾರದು?’ ಅಂತ ಚೀಟಿ ಹಿಡಿದು ಬಂದವರ ಮುಖಗಳನ್ನು ಬೇಕಾದಷ್ಟು ನೋಡಿದ್ದೇನೆ.

ವಿಚಾರಿಸಬೇಕು ಅನ್ನುವ ನಿನ್ನ ಹಟ ನನಗೆ ಹಿಡಿಸಿತು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಾಲದಲ್ಲೂ ವಿಚಾರಿಸದೆ ಹೆಣ್ಣು ಕೊಡುತ್ತಿರಲಿಲ್ಲ. ಆ ಊರಿನ ಮೇಷ್ಟ್ರು, ಬಸ್ಸಿನ ಕಂಡಕ್ಟರು, ಕಿರಾಣಿ ಅಂಗಡಿಯವನು, ಹೀಗೆ ನಾಲ್ಕು ಬಾಯಿಂದ ‘ಮನೆತನ ಒಳ್ಳೇದು’ ಅಂತ ಬಂದರೆ ಮುಗಿಯಿತು. ಅವನು ಸಿಟ್ಟಿನವನೋ, ಸುಳ್ಳನೋ, ಮನೆಯಲ್ಲಿ ಒಂದು ಲೋಟ ನೀರಾದರೂ ತಾನೇ ಬಗ್ಗಿಸಿಕೊಂಡು ಕುಡಿಯುತ್ತಾನೋ, ಇದನ್ನೆಲ್ಲ ಯಾರು ಕೇಳುತ್ತಿದ್ದರು? ಹುಡುಗಿಯಂತೂ ಕೇಳುವಂತೆಯೇ ಇರಲಿಲ್ಲ. ನಿನ್ನ ದೊಡ್ಡಮ್ಮ ಇವತ್ತಿಗೂ ಹಂಗಿಸುತ್ತಾಳೆ, ‘ನಿಮ್ಮ ಬಗ್ಗೆ ಯಾರೂ ನನ್ನ ಕೇಳಲಿಲ್ಲ, ಕೇಳಿದ್ರೆ ಬೇಡ ಅಂತಿದ್ದೆ’ ಅಂತ. ಆದ್ದರಿಂದ ನೀನು ವಿಚಾರಿಸು. ಹೇಗೆ ವಿಚಾರಿಸುವುದು ಅನ್ನುವುದರಲ್ಲಿ ಮಾತ್ರ ನನ್ನದೊಂದು ಮಾತಿದೆ.

ನಾನು ಕೆಲಸಕ್ಕೆ ಸೇರಿದಾಗ ಇದ್ದದ್ದು ಮ್ಯಾಗ್ನೆಟೋ ಬೋರ್ಡು. ಊರಿನ ಒಂದೊಂದು ಫೋನಿಗೂ ಬೋರ್ಡಿನ ಮೇಲೆ ಒಂದೊಂದು ಸಣ್ಣ ಮುಚ್ಚಳ. ಅಲ್ಲಿ ಅವರು ಹಿಡಿ ತಿರುಗಿಸಿದರೆ ಇಲ್ಲಿ ಮುಚ್ಚಳ ಟಪ್ ಅಂತ ಬೀಳುತ್ತಿತ್ತು. ನಾವು ತಂತಿಯ ಪ್ಲಗ್ಗು ಚುಚ್ಚಿ ‘ನಂಬರ್ ಪ್ಲೀಸ್’ ಅನ್ನಬೇಕು. ಟ್ರಂಕ್ ಕಾಲ್ ಬುಕ್ ಮಾಡುವವರನ್ನು ಇನ್ನೊಂದು ಮಾತು ಕೇಳುತ್ತಿದ್ದೆವು: ‘ಆರ್ಡಿನರಿಯಾ, ಪಿ.ಪಿ.ಯಾ?’ ಆರ್ಡಿನರಿ ಅಂದರೆ ಆ ನಂಬರ್ ಸಿಕ್ಕರೆ ಸಾಕು, ಯಾರು ಎತ್ತಿದರೂ ದುಡ್ಡು ಬಿತ್ತು. ಪಿ.ಪಿ. ಅಂದರೆ ಪರ್ಟಿಕ್ಯುಲರ್ ಪರ್ಸನ್. ಹೆಸರು ಹೇಳಿದ ಆಸಾಮಿಯೇ ಲೈನಿಗೆ ಬರಬೇಕು, ಅದಕ್ಕೆ ಬೇರೆ ಚಾರ್ಜು. ನಂಬರ್ ಸಿಕ್ಕುವುದಕ್ಕೂ ಮನುಷ್ಯ ಸಿಕ್ಕುವುದಕ್ಕೂ ವ್ಯತ್ಯಾಸವಿದೆ ಅಂತ ಇಲಾಖೆಗೇ ಗೊತ್ತಿತ್ತು ನೋಡು, ರಸೀದಿ ಹರಿದು ದುಡ್ಡು ತೆಗೆದುಕೊಳ್ಳುತ್ತಿತ್ತು.

ಆಗ ಡೈರೆಕ್ಟರಿ ಅಂತ ದಪ್ಪ ಪುಸ್ತಕ ಬರುತ್ತಿತ್ತು. ಹೆಸರು ಗೊತ್ತಿದ್ದರೆ ನಂಬರ್ ಸಿಗುತ್ತಿತ್ತು. 197ಕ್ಕೆ ಫೋನ್ ಮಾಡಿದರೂ ಅಷ್ಟೆ, ಹೆಸರು ಹೇಳಿ ನಂಬರ್ ಕೇಳಬೇಕು. ನಂಬರ್ ಹಿಡಿದು ಹೆಸರು ಕೇಳಿದರೆ ಪುಸ್ತಕ ಬಾಯಿ ಬಿಡುತ್ತಿರಲಿಲ್ಲ. ನಂಬರಿನ ಕ್ರಮದಲ್ಲಿ ಬರೆದಿಟ್ಟ ರಿಜಿಸ್ಟರು ಎಕ್ಸ್‌ಚೇಂಜಿನ ಒಳಗೆ ಮಾತ್ರ ಇರುತ್ತಿತ್ತು, ಅದನ್ನು ಹೊರಗಿನವರಿಗೆ ಹೇಳುವಂತಿರಲಿಲ್ಲ. ಈಗ ನೀವು ಹುಡುಗರು ರಿವರ್ಸ್ ಲುಕಪ್ ಅನ್ನುತ್ತೀರಲ್ಲ, ಅದು ಆ ರಿಜಿಸ್ಟರೇ ಕಣಮ್ಮ. ಆಗ ಬೀಗ ಹಾಕಿಡುತ್ತಿದ್ದೆವು, ಈಗ ಬೀದಿಗೆ ಬಂದಿದೆ.

ಒಂದು ಸಲ ನಾನೇ ಹೇಳಿಬಿಟ್ಟೆ. ಆಗ ಬೇರೊಂದು ಊರಿನಲ್ಲಿದ್ದೆ, ಹೆಸರು ಬೇಡ. ಕಾಲೇಜಿಗೆ ಹೋಗುವ ಮಗಳಿದ್ದ ಮನೆಯೊಂದಕ್ಕೆ ದಿನಾ ರಾತ್ರಿ ಬ್ಲ್ಯಾಂಕ್ ಕಾಲ್ ಬರುತ್ತಿತ್ತು. ಅವರಪ್ಪ ಫೋನಿಗೆ ಕಾಲರ್ ಐಡಿ ಹಾಕಿಸಿಕೊಂಡು, ನಂಬರ್ ಬರೆದ ಚೀಟಿ ಹಿಡಿದು ನನ್ನ ಹತ್ತಿರ ಬಂದರು. ಕಣ್ಣಲ್ಲಿ ನೀರು ತುಂಬಿತ್ತು. ನಾನು ರಿಜಿಸ್ಟರು ನೋಡಿ ಹೆಸರು ಹೇಳಿದೆ. ಅವರು ಸೀದಾ ಹೋಗಿ ಅವನ ಕುತ್ತಿಗೆ ಪಟ್ಟಿ ಹಿಡಿದರು. ಅವನೋ ಬಸ್ ಸ್ಟ್ಯಾಂಡಿನ ಎಸ್.ಟಿ.ಡಿ. ಬೂತಿನವನು. ಫೋನ್ ಮಾಡುತ್ತಿದ್ದವನು ಯಾವನೋ, ಗಾಜಿನ ಪೆಟ್ಟಿಗೆಯೊಳಗೆ ನಿಂತು ಮಾಡಿ, ಚಿಲ್ಲರೆ ಎಸೆದು ಹೋಗುತ್ತಿದ್ದವನು. ರಿಜಿಸ್ಟರಿನಲ್ಲಿ ಹೆಸರಿನ ಪಕ್ಕದಲ್ಲೇ ಪಿ.ಸಿ.ಓ., ಅಂದರೆ ಸಾರ್ವಜನಿಕ ಫೋನು, ಅಂತ ಬರೆದಿತ್ತು. ನಾನು ಹೆಸರಷ್ಟೇ ಓದಿದ್ದೆ.

ಇರಲಿ. ನೀನು ಹೇಳಿದ್ದು ಎಷ್ಟು ನಿಜ ನೋಡೋಣ ಅಂತ ನಮ್ಮ ಬಸ್ ಸ್ಟ್ಯಾಂಡಿನ ಹತ್ತಿರದ ಮೊಬೈಲ್ ಅಂಗಡಿಗೆ ಹೋದೆ. ಅಲ್ಲೊಬ್ಬ ಬಿ.ಸಿ.ಎ. ಮುಗಿಸಿದ ಹುಡುಗ ಇದ್ದಾನೆ, ಚುರುಕು. ‘ನನ್ನ ನಂಬರ್ ಮೇಲೇ ಮಾಡಿ ತೋರಿಸಪ್ಪ’ ಅಂದೆ. ಟ್ರೂಕಾಲರಿನಲ್ಲಿ ನನ್ನ ಹೆಸರು ‘ಬಿಎಸ್‌ಎನ್‌ಎಲ್ ಮಾವ’ ಅಂತ ಬಂತು. ಆ ಕಂಪನಿ 2009ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಹುಟ್ಟಿದ್ದಂತೆ, ಈಗ ಅದಕ್ಕೆ ಎಲ್ಲರಿಗಿಂತ ದೊಡ್ಡ ಗಿರಾಕಿ ನಮ್ಮ ದೇಶ. ಜನ ಏನು ಹೆಸರು ಕೊಡುತ್ತಾರೋ ಅದು ಹೆಸರು. ‘ಮಂಜು ಬೋರ್‌ವೆಲ್’, ‘ತಿಪ್ಪೇಶ್ ಜೆಸಿಬಿ’, ‘ಹಾಲಿನ ಅಕ್ಕ’ ಎಲ್ಲಾ ಅಲ್ಲಿದ್ದಾರೆ. ನಮ್ಮ ಬೀದಿಯ ಒಬ್ಬರ ಹೆಸರು ಕೆಲ ಕಾಲ ‘ದುಡ್ಡು ವಾಪಸ್ ಕೊಡಲ್ಲ’ ಅಂತ ತೋರಿಸುತ್ತಿತ್ತು! ಸಾಲ ಕೊಟ್ಟವನಿಗೆ ಅದು ಸತ್ಯ. ಮದುವೆಗೆ ವಿಚಾರಿಸುವವರು ನೋಡಿದರೆ ಏನು ಗತಿ?

ಆಮೇಲೆ ಫೋನ್‌ಪೇಯಲ್ಲಿ ದುಡ್ಡು ಕಳಿಸುವವನಂತೆ ನನ್ನ ನಂಬರ್ ಹೊಡೆದ. ಪಾಸ್‌ಬುಕ್ಕಿನಲ್ಲಿರುವ ಪೂರ್ತಿ ಹೆಸರು, ಇನಿಷಿಯಲ್ ಸಮೇತ ಬಂತು. ಒಂದು ಪೈಸೆ ಖರ್ಚಿಲ್ಲ. ನಂಬರ್ ಸೇವ್ ಮಾಡಿಕೊಂಡು ವಾಟ್ಸ್ಆ್ಯಪ್ ತೆಗೆದರೆ ನಾನು ಮೊಮ್ಮಗನನ್ನು ಎತ್ತಿಕೊಂಡಿರುವ ಫೋಟೋ. ಯಾರು ಬೇಕಾದರೂ ನೋಡಬಹುದು ಅಂತ ಬಿಟ್ಟಿದ್ದೆನಂತೆ, ನನಗೇ ಗೊತ್ತಿರಲಿಲ್ಲ. ಅಲ್ಲಿಗೆ ನಿಂತಿತು. ನನ್ನ ಫೇಸ್‌ಬುಕ್ ಖಾತೆ ಸಿಕ್ಕಲಿಲ್ಲ.

ಅದು ಯಾಕೆ ಸಿಕ್ಕಲಿಲ್ಲ ಅಂತ ಹುಡುಗ ವಿವರವಾಗಿ ಹೇಳಿದ. 2018ರ ಏಪ್ರಿಲ್‌ವರೆಗೂ ಫೇಸ್‌ಬುಕ್ಕಿನಲ್ಲಿ ನಂಬರ್ ಹೊಡೆದರೆ ಖಾತೆ ಬಂದುಬಿಡುತ್ತಿತ್ತು. ಫೇಸ್‌ಬುಕ್ ಮಾಹಿತಿ ಸೋರಿದ ಕೇಂಬ್ರಿಜ್ ಅನಲಿಟಿಕಾ ಗಲಾಟೆಯಾದ ಮೇಲೆ ಆ ಬಾಗಿಲು ಮುಚ್ಚಿದರು. ಫೋನಿನ ಕಾಂಟ್ಯಾಕ್ಟ್ ಪಟ್ಟಿ ಏರಿಸಿ ಗೆಳೆಯರನ್ನು ಹುಡುಕುವ ಹಿತ್ತಿಲ ಬಾಗಿಲು ಮಾತ್ರ 2019ರವರೆಗೂ ತೆರೆದೇ ಇತ್ತು. ಕಿಡಿಗೇಡಿಗಳು ಅದರೊಳಗೆ ರಾಶಿ ರಾಶಿ ನಂಬರ್ ತುಂಬಿ, ಯಾವ ನಂಬರಿಗೆ ಯಾವ ಖಾತೆ ಅಂತ ಬಗೆದುಕೊಂಡರು. ಹಾಗೆ ಬಗೆದದ್ದು 53 ಕೋಟಿಗೂ ಹೆಚ್ಚು ಜನರ ವಿವರ, ಅದರಲ್ಲಿ ನಮ್ಮ ದೇಶದವರೇ ಸುಮಾರು 60 ಲಕ್ಷ. 2021ರ ಏಪ್ರಿಲ್‌ನಲ್ಲಿ ಅದೆಲ್ಲ ಬಿಟ್ಟಿಯಾಗಿ ಬಯಲಿಗೆ ಬಂತು. ಮರುವರ್ಷ ಐರ್ಲೆಂಡಿನ ಸರ್ಕಾರಿ ಸಂಸ್ಥೆ ಕಂಪನಿಗೆ 26.5 ಕೋಟಿ ಯೂರೋ ದಂಡ ಹಾಕಿತು. ದಂಡ ಕಟ್ಟಿದರೆ ಹೋದ ನಂಬರ್ ವಾಪಸ್ ಬರುತ್ತದೆಯೇ?

ನೀನು ಫೋನಿನಲ್ಲಿ ಹೇಳಿದ ಸೈಟುಗಳಿವೆಯಲ್ಲ, ಅವುಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಅಮೆರಿಕದವರಿಗಾಗಿ. ಅಲ್ಲಿ ಮನೆ, ಕೋರ್ಟು, ವಿಳಾಸದ ದಾಖಲೆಗಳೆಲ್ಲ ಸಾರ್ವಜನಿಕವಾಗಿ ಸಿಗುತ್ತವೆ, ಇವರು ಅದನ್ನು ಹೊಲಿದು ಮಾರುತ್ತಾರೆ. ನಮ್ಮ ಮೊಬೈಲ್ ನಂಬರುಗಳಿಗೆ ಅಂಥ ಬಹಿರಂಗ ಪಟ್ಟಿಯೇ ಇಲ್ಲ. ‘ಹುಡುಕುತ್ತಿದ್ದೇವೆ, ಹುಡುಕುತ್ತಿದ್ದೇವೆ’ ಅಂತ ಒಂದು ಗೆರೆ ಓಡಿಸಿ, ‘ಖಾತೆಗಳು ಸಿಕ್ಕಿವೆ, ದುಡ್ಡು ಕಟ್ಟಿ’ ಅನ್ನುತ್ತವೆ. ಕಟ್ಟಿದ ಮೇಲೆ ಸಿಗುವುದು ಹಳೇ ಸೋರಿಕೆಯ ಚೂರು, ಇಲ್ಲವಾದರೆ ಊಹೆ. ಇನ್ನು ಕೆಲವು ಹತಾರಗಳು ಒಂದು ಇಮೇಲ್ ಹಿಡಿದುಕೊಂಡು ನೂರಾರು ಸೈಟಿನ ಕದ ತಟ್ಟಿ ‘ಈ ಇಮೇಲಿನವರು ಇದ್ದಾರಾ?’ ಅಂತ ಕೇಳುತ್ತವಂತೆ. ಇದ್ದಾರೆ, ಇಲ್ಲ, ಅಷ್ಟೇ ಉತ್ತರ. ಯಾವ ಖಾತೆ, ಅದರೊಳಗೇನಿದೆ ಅನ್ನುವುದು ಬರುವುದಿಲ್ಲ.

ಶೆರ್ಲಾಕ್ ಅಂತ ಇನ್ನೊಂದಿದೆ. ಅದಕ್ಕೆ ಒಂದು ಯೂಸರ್‌ನೇಮ್ ಕೊಟ್ಟರೆ ಅದೇ ಹೆಸರು ಎಲ್ಲೆಲ್ಲಿದೆ ಅಂತ ಪಟ್ಟಿ ಕೊಡುತ್ತದೆ. ಕೆಲಸ ಮಾಡುತ್ತದೆ, ಸುಳ್ಳಲ್ಲ. ಆದರೆ ಅದೇ ಹೆಸರು ಅಂದಮಾತ್ರಕ್ಕೆ ಅದೇ ಆಳು ಅಂತ ಯಾರು ಹೇಳಿದರು? ನಮ್ಮ ಜಿಲ್ಲೆಯಲ್ಲಿ ತಿಪ್ಪೇಸ್ವಾಮಿ ಅಂತ ಕೂಗಿದರೆ ಬೀದಿಗೊಬ್ಬರು ಓ ಅನ್ನುತ್ತಾರೆ, ಎಲ್ಲಾ ನಾಯಕನಹಟ್ಟಿ ಅಜ್ಜಯ್ಯನ ಒಕ್ಕಲು. ಅವರಲ್ಲಿ ಅರ್ಧ ಜನರ ಖಾತೆಯಲ್ಲಿ ಸ್ವಂತ ಮುಖವೇ ಇರುವುದಿಲ್ಲ, ಪುನೀತ್ ರಾಜ್‌ಕುಮಾರ್ ಇರುತ್ತಾರೆ, ಇಲ್ಲವೇ ಆಂಜನೇಯ. ಜನರದ್ದು ಹಾಗಿರಲಿ, ನಮ್ಮ ಊರಿನದ್ದೇ ನೋಡು. ಕಾಸರಗೋಡು ಜಿಲ್ಲೆಯಲ್ಲೂ ಒಂದು ಹೊಸದುರ್ಗವಿದೆ, ಕಾಞಂಗಾಡಿನ ಹತ್ತಿರ, ಕೆಳದಿ ನಾಯಕರು ಕಟ್ಟಿಸಿದ ಕೋಟೆಯ ಊರು. ಪಿನ್‌ಕೋಡ್ ಬರೆಯದೆ ಕಾಗದ ಹಾಕಿದರೆ ಅಲ್ಲಿಯದು ಇಲ್ಲಿಗೆ ಬರುತ್ತಿತ್ತು. ಬೊಂಬಾಯಿಯಿಂದ ಟ್ರಂಕ್ ಬಂದರೆ ನಾವು ಮೊದಲು ‘ಯಾವ ಹೊಸದುರ್ಗ?’ ಅಂತ ಕೇಳಿಕೊಳ್ಳಬೇಕಿತ್ತು. ಅಷ್ಟೇಕೆ, ಹೊಸದುರ್ಗ ರೋಡ್ ಸ್ಟೇಷನ್ನಿನಲ್ಲಿ ರೈಲು ಇಳಿದು ‘ಊರೆಲ್ಲಿ?’ ಅಂತ ಹುಡುಕಿದವರನ್ನು ಕೇಳು. ಹೆಸರು ನಮ್ಮದು, ಊರು ಎಷ್ಟೋ ದೂರ.

ನಂಬರಿನದ್ದೂ ಇದೇ ಕಥೆ. ಬಳಸದೆ ಬಿಟ್ಟು ರದ್ದಾದ ನಂಬರನ್ನು ಕಂಪನಿಯವರು, ರದ್ದಾಗಿ 90 ದಿನ ಕಳೆದ ಮೇಲೆ, ಇನ್ನೊಬ್ಬರಿಗೆ ಕೊಡಬಹುದು. ಹಳೆಯವನು ಆ ನಂಬರಿನಲ್ಲಿ ಮಾಡಿಕೊಂಡ ಖಾತೆಗಳು ಹೊಸಬನ ತಲೆಗೆ ಬರುತ್ತವೆ. ನಮ್ಮ ಹಳ್ಳಿಗಳಲ್ಲಂತೂ ಅಪ್ಪನ ಆಧಾರ್ ಕೊಟ್ಟು ಮಗ ಸಿಮ್ ತಗೊಂಡಿರುತ್ತಾನೆ, ಮಗನ ಹಳೇ ನಂಬರ್ ಅಮ್ಮನ ಕೈಯಲ್ಲಿರುತ್ತದೆ. ನೀನು ಹುಡುಗನ ಜಾತಕ ತೆಗೆಯಲು ಹೋಗಿ ಅವರ ಚಿಕ್ಕಪ್ಪನ ಜಾತಕ ತೆಗೆದಿರುತ್ತೀಯ.

ಫೋಟೋ ಹುಡುಕಾಟಕ್ಕೆ ಮಾತ್ರ ನಾನು ಅಡ್ಡ ಬರುವುದಿಲ್ಲ. ಗೂಗಲ್ ಲೆನ್ಸ್, ಟಿನ್‌ಐ ಇಂಥವಕ್ಕೆ ಒಂದು ಚಿತ್ರ ಕೊಟ್ಟರೆ ಆ ಚಿತ್ರ ಬೇರೆ ಎಲ್ಲಿದೆ ಅಂತ ತೋರಿಸುತ್ತವೆ. 2023ರ ನವೆಂಬರಿನಲ್ಲಿ ನಮ್ಮ ಕೊಡಗಿನ ಹುಡುಗಿ ರಶ್ಮಿಕಾ ಮಂದಣ್ಣನ ಮುಖ ಅಂಟಿಸಿದ ಸುಳ್ಳು ವಿಡಿಯೊ ಓಡಾಡಿತಲ್ಲ, ಅದರ ಮೂಲ ಬೇರೊಬ್ಬ ಹೆಣ್ಣುಮಗಳು ಹಿಂದಿನ ತಿಂಗಳು ಇನ್‌ಸ್ಟಾಗ್ರಾಮಿಗೆ ಹಾಕಿಕೊಂಡ ವಿಡಿಯೊ ಅಂತ ಹುಡುಕಿ ತೆಗೆದರು. ಗೊತ್ತುಪಡಿಸಿದವರು ಯಾರೂ ಇಲ್ಲದೆ ಮ್ಯಾಟ್ರಿಮನಿಯಲ್ಲಿ ಮಾತ್ರ ಸಿಕ್ಕವನು, ವಿಡಿಯೊ ಕಾಲಿಗೆ ಬಾರದವನು, ಎರಡು ವಾರಕ್ಕೇ ‘ಕಸ್ಟಮ್ಸ್‌ನಲ್ಲಿ ಗಿಫ್ಟ್ ಸಿಕ್ಕಿಕೊಂಡಿದೆ, ದುಡ್ಡು ಕಳಿಸು’ ಅನ್ನುವವನು, ಇಂಥವನ ಫೋಟೋವನ್ನು ಯಾವ ಸಂಕೋಚವೂ ಇಲ್ಲದೆ ಹುಡುಕು. ಯಾವುದೋ ಮಾಡೆಲ್ಲಿನ ಫೋಟೋ ಅಂತ ಗೊತ್ತಾದರೆ ಅವನ ಜೊತೆ ವಾದಕ್ಕೆ ಕೂರಬೇಡ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡು, ಜಿಲ್ಲೆಯ ಸಿ.ಇ.ಎನ್. ಠಾಣೆಗೆ ದೂರು ಕೊಡು. ನಮ್ಮ ಹೊಳಲ್ಕೆರೆ ಹುಡುಗ ಆ ಪೈಕಿಯಲ್ಲ. ಅವನ ಸೋದರಮಾವನ ಅಂಗಡಿಯಲ್ಲಿ ನಾನು ಕಾಫಿ ಕುಡಿದಿದ್ದೇನೆ.

ಹಾಗಿರುವಾಗ, ಎಲ್ಲಾ ಸಿಕ್ಕೇಬಿಟ್ಟಿತು ಅಂತಲೇ ಇಟ್ಟುಕೋ. ಎಂಟು ವರ್ಷದ ಹಿಂದೆ ಕಾಲೇಜಿನಲ್ಲಿ ಯಾರ ಹೆಗಲ ಮೇಲೋ ಕೈ ಹಾಕಿಕೊಂಡ ಫೋಟೋ ಸಿಕ್ಕಿತು. ಯಾವುದೋ ರಾಜಕೀಯದ ಜಗಳದಲ್ಲಿ ಬರೆದ ಒರಟು ಮಾತು ಸಿಕ್ಕಿತು. ಅದನ್ನಿಟ್ಟುಕೊಂಡು ಏನು ಮಾಡುತ್ತೀಯ? ಅವನು ಎದುರು ಕೂತು ‘ನನಗೆ ಟ್ರೆಕ್ಕಿಂಗ್ ಇಷ್ಟ’ ಅಂದಾಗ, ಮುಳ್ಳಯ್ಯನಗಿರಿಯ ಫೋಟೋಗಳನ್ನೆಲ್ಲ ರಾತ್ರಿ ಎರಡು ಗಂಟೆಯವರೆಗೂ ಎಳೆದು ನೋಡಿದವಳು ನೀನು, ‘ಓ ಹೌದಾ?’ ಅಂತ ನಟಿಸಬೇಕು. ಮೊದಲ ಮಾತಿಗೇ ನಟನೆ ಶುರುವಾಯಿತು. ಕೇಳಬೇಕು ಅನಿಸಿದ್ದನ್ನು ಕೇಳುವ ಹಾಗಿಲ್ಲ, ಕೇಳಿದರೆ ‘ನಿಮಗೆ ಹೇಗೆ ಗೊತ್ತು?’ ಅನ್ನುತ್ತಾನೆ. ನಿನ್ನ ಸ್ವಭಾವ ನನಗೆ ಗೊತ್ತಿಲ್ಲವೇ, ಮನಸ್ಸಿನಲ್ಲಿ ಇಟ್ಟುಕೊಂಡು ಕೊರಗುವವಳು. ಚಿಕ್ಕವಳಿದ್ದಾಗ ಸಾಣೇಹಳ್ಳಿ ನಾಟಕಕ್ಕೆ ಕರೆದುಕೊಂಡು ಹೋಗಲಿಲ್ಲ ಅಂತ ವಾರವೆಲ್ಲ ಮಾತು ಬಿಟ್ಟಿದ್ದೆ, ಯಾಕೆ ಅಂತ ಬಾಯಿ ಬಿಡಲಿಲ್ಲ.

ಅದಕ್ಕೇ ಹೇಳುತ್ತೇನೆ, ಹುಡುಕುವುದಕ್ಕೆ ಮೊದಲು ಅವನನ್ನೇ ಕೇಳು. ‘ನಿಮ್ಮ ಇನ್‌ಸ್ಟಾಗ್ರಾಮ್ ಐಡಿ ಏನು? ನನ್ನದು ಇದು’ ಅನ್ನು. ನಿನ್ನದನ್ನೂ ಕೊಡಬೇಕು, ಅದು ಮುಖ್ಯ. ಒಡನೆ ಕೊಟ್ಟರೆ ಕೂತು ಆರಾಮಾಗಿ ನೋಡು, ಅದು ಕದ್ದು ನೋಡಿದಂತಾಗುವುದಿಲ್ಲ. ‘ಅಕೌಂಟ್ ಇದೆ, ಆದರೆ ಸದ್ಯಕ್ಕೆ ಕೊಡಲು ಮುಜುಗರ’ ಅಂದರೆ ಅದೂ ಒಂದು ಉತ್ತರ, ಯಾಕೆ ಅಂತ ಮಾತಾಡಿ. ‘ನಾನು ಅದ್ಯಾವುದರಲ್ಲೂ ಇಲ್ಲ’ ಅಂದು, ಆಮೇಲೆ ಇರುವುದು ಗೊತ್ತಾದರೆ, ಆಗ ನಿನ್ನ ಕೈಯಲ್ಲಿ ಒಂದು ಸುಳ್ಳು ಇರುತ್ತದೆ. ಬೇಡ ಅನ್ನಲು ಅಷ್ಟು ಸಾಕು, ನಾನು ನಿನ್ನ ಕಡೆ ನಿಲ್ಲುತ್ತೇನೆ. ಕೇಳದೆ ಹುಡುಕಿದರೆ ಬರೀ ಖಾತೆ ಸಿಗುತ್ತದೆ. ಕೇಳಿ ಆಮೇಲೆ ತಾಳೆ ನೋಡಿದರೆ ಅವನ ಮಾತು ಎಂಥದ್ದು ಅಂತ ಗೊತ್ತಾಗುತ್ತದೆ. ಸಂಬಳ, ಸಾಲ, ಹಳೇ ಮದುವೆ ಮುರಿದದ್ದು, ಇವನ್ನೂ ಬಾಯಿಬಿಟ್ಟೇ ಕೇಳು. ನಾಚಿಕೆ ಬೇಡ. ದೊಡ್ಡವರ ಎದುರು ಕೇಳಲಾಗದಿದ್ದರೆ ಹೇಳು, ನಾವು ತೋಟ ತೋರಿಸುವ ನೆಪದಲ್ಲಿ ಆಚೆ ಹೋಗುತ್ತೇವೆ.

ಇನ್ನೊಂದು. ನೀನು ಹುಡುಕುವ ದಾರಿಯಲ್ಲೇ ಅವರೂ ನಿನ್ನನ್ನು ಹುಡುಕುತ್ತಾರೆ. ಅವರೇ ಆದರೆ ಚಿಂತೆಯಿಲ್ಲ, ಯಾರು ಯಾರೋ ಹುಡುಕುತ್ತಾರೆ. ವಾಟ್ಸ್ಆ್ಯಪಿನ ಫೋಟೋ ಕಾಂಟ್ಯಾಕ್ಟಿನವರಿಗೆ ಮಾತ್ರ ಅಂತ ಮಾಡು. ಇನ್‌ಸ್ಟಾಗ್ರಾಮು, ಫೇಸ್‌ಬುಕ್ಕಿಗೆ ಫೋನಿನ ಕಾಂಟ್ಯಾಕ್ಟ್ ಪಟ್ಟಿ ಏರಿಸಿದ್ದರೆ ಅಳಿಸು. ‘ಇವರು ನಿಮಗೆ ಗೊತ್ತಿರಬಹುದು’ ಅಂತ ನಿನ್ನನ್ನು ಅಪರಿಚಿತರ ಮುಂದೆ ಹಿಡಿಯುವುದು ಇದರಿಂದಲೂ ಹೌದು. ಟೆಲಿಗ್ರಾಮಿನಲ್ಲಿ ನಂಬರಿನಿಂದ ಹುಡುಕುವುದನ್ನೂ ಕಾಂಟ್ಯಾಕ್ಟಿನವರಿಗೆ ಮಾತ್ರ ಅಂತ ಮಾಡು. ಬ್ಯಾಂಕಿಗೆ ಕೊಟ್ಟ ನಂಬರ್ ಒಂದು, ಮ್ಯಾಟ್ರಿಮನಿಗೆ ಕೊಡುವ ನಂಬರ್ ಇನ್ನೊಂದು ಇರಲಿ. ಯಾರಾದರೂ ಬೇಡ ಅಂದರೂ ಬಿಡದೆ ನಿನ್ನ ಆನ್‌ಲೈನ್ ಓಡಾಟದ ಬೆನ್ನು ಹತ್ತಿದರೆ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ ಇದೆ, ಅದು ಶಿಕ್ಷೆಯಾಗುವ ಅಪರಾಧ.

ನಮ್ಮ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಗಳಾಗಿದ್ದ ಕೆ.ಎಸ್. ಪುಟ್ಟಸ್ವಾಮಿ ಅವರ ಹೆಸರು ನಿನಗೆ ಗೊತ್ತಿರಬೇಕು. ನಿವೃತ್ತರಾಗಿ ಎಷ್ಟೋ ವರ್ಷವಾದ ಮೇಲೆ, 2012ರಲ್ಲಿ, 86ನೇ ವಯಸ್ಸಿನಲ್ಲಿ ಆಧಾರ್ ವಿಷಯಕ್ಕೆ ಸುಪ್ರೀಂ ಕೋರ್ಟಿಗೆ ಹೋದರು. ಆ ವಯಸ್ಸಿನಲ್ಲಿ ನಾನು ಗೇಟಿನವರೆಗೆ ಹೋದರೆ ಹೆಚ್ಚು. ಅದೇ ಕೇಸಿನಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನ ಮೂಲಭೂತ ಹಕ್ಕು ಅಂದರು. ಪುಟ್ಟಸ್ವಾಮಿ ಅವರು 2024ರ ಅಕ್ಟೋಬರಿನಲ್ಲಿ ತೀರಿಕೊಂಡಾಗ ಅವರಿಗೆ 98 ವರ್ಷ. ಆ ಹಕ್ಕು ನಿನಗಿರುವಂತೆ ಹೊಳಲ್ಕೆರೆ ಹುಡುಗನಿಗೂ ಇದೆ ಅಂತ ನೆನಪಿಸಲು ಇಷ್ಟು ಬರೆದೆ, ಪಾಠ ಮಾಡಲು ಅಲ್ಲ.

ನಿನ್ನೆ ಆ ಹುಡುಗನಿಗೇ ಫೋನ್ ಮಾಡಿದ್ದೆ. ‘ನಿಮ್ಮ ನಂಬರನ್ನ ನಮ್ಮ ಹುಡುಗಿಗೆ ಕೊಡಲಾ? ಅವಳೇ ಮಾತಾಡ್ತಾಳೆ, ಏನೇನೋ ಕೇಳ್ತಾಳೆ, ಬೇಜಾರು ಮಾಡ್ಕೋಬೇಡಿ’ ಅಂದೆ. ‘ಕೊಡಿ ಸಾರ್, ಸಂಜೆ ಏಳರ ಮೇಲೆ ಬಿಡುವಿರ್ತೀನಿ’ ಅಂದ. ಸ್ವಲ್ಪ ತಡವರಿಸಿ, ‘ನಾನೂ ಕೇಳಬಹುದಾ?’ ಅಂದ. ಧಾರಾಳವಾಗಿ ಕೇಳಿ ಅಂದಿದ್ದೇನೆ. ನಂಬರ್ ಬೇರೆ ಚೀಟಿಯಲ್ಲಿ ಬರೆದು ಇದರ ಜೊತೆ ಇಟ್ಟಿದ್ದೇನೆ. ಶುಕ್ರವಾರ ಶ್ರೀರಾಂಪುರಕ್ಕೆ ಹೋಗಿ ಅವನ ಸೋದರಮಾವನನ್ನು ಕಂಡು ಬರುತ್ತೇನೆ, ವಿಚಾರಿಸಲಿಕ್ಕೇ ಬರುತ್ತಿದ್ದೇನೆ ಅಂತ ಅವರಿಗೂ ಹೇಳಿದ್ದೇನೆ. ನೀನು ಮಾತಾಡಿದ ಮೇಲೆ ನನಗೊಂದು ಫೋನ್ ಮಾಡು, ಎಷ್ಟು ಹೊತ್ತಾದರೂ ಸರಿ, ಎದ್ದಿರುತ್ತೇನೆ. ಬರುವಾಗ ದೊಡ್ಡಮ್ಮನಿಗೆ ಮಂಡಿಗೆ ಕಟ್ಟುವ ಆ ಬೆಲ್ಟು ಮರೆಯದೆ ತಾ.

ಇತಿ ನಿನ್ನ
ದೊಡ್ಡಪ್ಪ